ಸೇಂಟ್ ಕಿಲ್ಡಾದ ನಾಲ್ಕು ಗಂಟೆಗಾಗಿ ನಾಲ್ಕು ದಿನ

ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳನ್ನೂ ದಾಟಿ, ಅಟ್ಲಾಂಟಿಕ್ ಸಾಗರದೊಳಗೆ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಸಮೂಹವನ್ನು ನೋಡಲು ನಾನು ನಾಲ್ಕು ದಿನಗಳನ್ನು ಮೀಸಲಿಟ್ಟೆ. ದ್ವೀಪದಲ್ಲಿ ಸಿಗುವುದು ನಾಲ್ಕೈದು ಗಂಟೆ ಮಾತ್ರ. ಉಳಿದ ಕಾಲವೆಲ್ಲ ಹವಾಮಾನಕ್ಕೆ ಸೇರಿದ್ದು. ಹ್ಯಾರಿಸ್ ದ್ವೀಪದ ಲೆವರ್‌ಬರ್ಗ್‌ನಿಂದ ಹೊರಡುವ ಸಣ್ಣ ದೋಣಿ ಗಾಳಿ ಜೋರಾದರೆ ಹೊರಡುವುದಿಲ್ಲ. ಮೊದಲೆರಡು ದಿನ ಕಾದು, ಮೂರನೆಯ ಬೆಳಿಗ್ಗೆ ಹೊರಟೆವು. ಮೂರು ಗಂಟೆಯ ಪಯಣದಲ್ಲಿ ಹೊಟ್ಟೆ ತೊಳಸದಿರಲೆಂದು ಮಾತ್ರೆ ನುಂಗಿ, ದೋಣಿಯ ಹಿಂಭಾಗದಲ್ಲಿ ಕುಳಿತು ದಿಗಂತವನ್ನೇ ನೋಡುತ್ತಿದ್ದೆ. ಹತ್ತುವ ಮೊದಲು ಬೂಟುಗಳ ಮಣ್ಣನ್ನು ಉಜ್ಜಿ ತೆಗೆದು, ಚೀಲವನ್ನೂ ಬರಿದು ಮಾಡಿ ನೋಡಿಕೊಂಡಿದ್ದೆ. ಒಂದೇ ಒಂದು ಬಸುರಿ ಇಲಿ ದ್ವೀಪಕ್ಕೆ ಸೇರಿದರೂ ಬಿಲಗಳಲ್ಲಿ ಮೊಟ್ಟೆಯಿಡುವ ಪಫಿನ್ ಕಡಲಹಕ್ಕಿಗಳಿಗೆ ಉಳಿಗಾಲವಿಲ್ಲ.

ಮುಖ್ಯ ದ್ವೀಪವಾದ ಹಿರ್ಟಾದಲ್ಲಿ ಇಳಿದಾಗ, 430 ಮೀಟರ್ ಎತ್ತರದ ಕೊನಾಕರ್ ಶಿಖರವನ್ನು ಏರುವ ಆಸೆಯನ್ನು ಬದಿಗಿಟ್ಟು ಹಳ್ಳಿಯಲ್ಲೇ ಉಳಿಯಲು ನಿರ್ಧರಿಸಿದೆ. ಅದು ಸರಿಯಾದ ನಿರ್ಧಾರವೆಂದೇ ಈಗಲೂ ನನಗನಿಸುತ್ತದೆ. ಕೊಲ್ಲಿಯ ಬಾಗಿಗೆ ತಕ್ಕಂತೆ 1860ರ ದಶಕದಲ್ಲಿ ಕಟ್ಟಿದ ಹದಿನಾರು ಮನೆಗಳ ಒಂದೇ ಸಾಲು, ಅವುಗಳ ಹಿಂದೆ ಗುಡ್ಡದುದ್ದಕ್ಕೂ ಹರಡಿದ ಕ್ಲೀಟ್‌ಗಳು. ಕ್ಲೀಟ್ ಎಂದರೆ ಗಾರೆಯಿಲ್ಲದೆ ಒಣಗಲ್ಲು ಪೇರಿಸಿ, ಮೇಲೆ ಚಪ್ಪಡಿಯನ್ನೂ ಹುಲ್ಲುಮಣ್ಣಿನ ಹೆಂಟೆಯನ್ನೂ ಹೊದಿಸಿದ ಕಣಜ. ಹಿರ್ಟಾ ಒಂದರಲ್ಲೇ ಇಂಥವು ಸಾವಿರಕ್ಕೂ ಹೆಚ್ಚಿವೆ. ಬಗ್ಗಿ ಒಂದರೊಳಗೆ ಹೋಗಿ ಗೋಡೆಯ ಸಂದಿಗೆ ಅಂಗೈ ಒಡ್ಡಿದಾಗ ಗಾಳಿ ಸೀಳಿಕೊಂಡು ಬಂದು ತಾಗಿತು, ಆದರೆ ತಲೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬಂಡೆಗಳಿಂದ ಹಿಡಿದು ತಂದ ಕಡಲಹಕ್ಕಿಗಳ ಮಾಂಸವನ್ನು ಇದೇ ಗಾಳಿ ಚಳಿಗಾಲಕ್ಕಾಗಿ ಒಣಗಿಸುತ್ತಿತ್ತು. ಈಗ ಒಳಗೆ ಕಂದು ಬಣ್ಣದ ಸೋಯ್ ಕುರಿಯೊಂದು ಮಲಗಿತ್ತು. 1932ರಲ್ಲಿ ಪಕ್ಕದ ಸೋಯ್ ದ್ವೀಪದಿಂದ ತಂದುಬಿಟ್ಟ 107 ಕುರಿಗಳ ಸಂತತಿಯದು.

ಆ ಹೊತ್ತಿಗಾಗಲೇ ಜನರು ಇಲ್ಲಿರಲಿಲ್ಲ. ತರುಣರು ಒಬ್ಬೊಬ್ಬರಾಗಿ ಊರು ಬಿಟ್ಟು, ದುಡಿಯುವ ಕೈಗಳು ಸಾಲದಾದಾಗ ದ್ವೀಪದವರೇ ತಮ್ಮನ್ನು ಕರೆದೊಯ್ಯುವಂತೆ ಸರ್ಕಾರಕ್ಕೆ ಅರ್ಜಿ ಬರೆದರು. 1930ರ ಆಗಸ್ಟ್ 29ರಂದು ಉಳಿದಿದ್ದ 36 ಮಂದಿ ಹೇರ್‌ಬೆಲ್ ನೌಕೆಯನ್ನು ಹತ್ತಿದರು. ಹೊರಡುವ ಮುನ್ನ ಮನೆಮನೆಯಲ್ಲೂ ತೆರೆದ ಬೈಬಲನ್ನೂ ಒಂದಿಷ್ಟು ಓಟ್ಸ್ ಕಾಳನ್ನೂ ಇಟ್ಟುಹೋದರಂತೆ. ಚಾವಣಿಯಿಲ್ಲದ ಮನೆಯೊಂದರ ಒಲೆಯ ಮುಂದೆ ನಿಂತಾಗ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ಮರಳುವಾಗ ದೋಣಿ ಬೋರರೇ ದ್ವೀಪವನ್ನು ಬಳಸಿ, 196 ಮೀಟರ್ ಎತ್ತರದ ಸ್ಟಾಕ್ ಅನ್ ಆರ್ಮಿನ್ ಬಂಡೆಯ ಬುಡಕ್ಕೆ ಬಂದಿತು. ಗ್ಯಾನೆಟ್ ಹಕ್ಕಿಗಳಿಂದ ಬಂಡೆಯೇ ಬೆಳ್ಳಗಾಗಿತ್ತು. 1727ರಲ್ಲಿ ಹಕ್ಕಿ ಹಿಡಿಯಲೆಂದು ಮೂವರು ಗಂಡಸರನ್ನೂ ಎಂಟು ಹುಡುಗರನ್ನೂ ಇಲ್ಲಿ ಇಳಿಸಿ ಹೋದ ದೋಣಿ, ಹಿರ್ಟಾದಲ್ಲಿ ಸಿಡುಬು ಹರಡಿದ್ದರಿಂದ ಹಿಂತಿರುಗಲೇ ಇಲ್ಲ. ಮರುವರ್ಷದ ಮೇ ತಿಂಗಳವರೆಗೆ ಹನ್ನೊಂದೂ ಜನ ಈ ಬಂಡೆಯ ಮೇಲೆ ಹಕ್ಕಿ, ಮೀನು ತಿಂದು ಬದುಕಿದ್ದರು. ಜೂನ್ ತಿಂಗಳ ಬಿಸಿಲಿನಲ್ಲೂ ಕೈಗವಸು ತೆಗೆಯಲಾರದ ನಾನು, ಅವರು ಎಲ್ಲಿ ಮಲಗುತ್ತಿದ್ದಿರಬಹುದೆಂದು ಬಂಡೆಯ ಬಿರುಕುಗಳನ್ನು ಕಣ್ಣಿನಿಂದ ಹುಡುಕುತ್ತಿದ್ದೆ.