ಯುರೋಪಿನ ರಿಫೈನರಿ ಮುಚ್ಚಿದ ಸುದ್ದಿ ಬಂದಾಗ ಒಂದು ಬ್ಯಾರೆಲ್ಲಿನ ಲೆಕ್ಕ ಹಾಕುವುದು ಹೇಗೆ?

ಕಾರವಾರದ ಬೈತಖೋಲ ಬಂದರಿಗೆ ಬರುವ ಡಾಂಬರು ಮತ್ತು ಎಣ್ಣೆ ಹಡಗುಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಎಲ್ಲೋ ಒಂದು ರಿಫೈನರಿ ಬಾಗಿಲು ಹಾಕಿತು ಅಂದರೆ ನನಗದು ದೂರದ ಸುದ್ದಿ ಅನಿಸುವುದಿಲ್ಲ. ಯುರೋಪಿನಿಂದ ಇಂಥ ಸುದ್ದಿ ಬಂದಾಗಲೆಲ್ಲ ಕೆಲವರು ಹವಾಮಾನ ಕಾನೂನೇ ಅದನ್ನು ಕೊಂದಿತು ಅಂತಾರೆ. ಕಾನೂನಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವವರೂ ಇದ್ದಾರೆ. ಯಾರನ್ನಾದರೂ ನಂಬುವ ಮೊದಲು ಒಂದು ಕಾಗದ, ಮೊಬೈಲಿನ ಕ್ಯಾಲ್ಕುಲೇಟರ್ ತಗೊಳ್ಳಿ.

ಮೊದಲು ರಿಫೈನರಿ ಯಾವ ದೇಶದಲ್ಲಿದೆ ನೋಡಿ. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಸಂಸ್ಕರಣೆ ನಿಲ್ಲಿಸಿತು. ಅದು ಬ್ರಿಟನ್. ಅಲ್ಲಿ 2021ರಿಂದ ಬೇರೆಯೇ ಇಂಗಾಲ ಮಾರುಕಟ್ಟೆ, ಅಂದರೆ ಹೊಗೆ ಬಿಡುವ ಪರವಾನಗಿ ಕೊಳ್ಳುವ ಮಾರುವ ವ್ಯವಸ್ಥೆ, ಇದೆ. ಜರ್ಮನಿಯ ವೆಸ್ಸೆಲಿಂಗ್‌ನಲ್ಲಿ ಶೆಲ್ ಅದೇ ವರ್ಷ ಮಾರ್ಚ್‌ನಲ್ಲಿ ನಿಲ್ಲಿಸಿತು. ಅದು ಯುರೋಪಿಯನ್ ಒಕ್ಕೂಟದ ಒಳಗಿನದು. ಇವೆರಡನ್ನು ಒಂದೇ ಬುಟ್ಟಿಗೆ ಹಾಕಿದರೆ ಲೆಕ್ಕ ಶುರುವಿನಲ್ಲೇ ತಪ್ಪುತ್ತದೆ. ಮುಚ್ಚಿತೋ, ಬದಲಾಯಿತೋ ಅಂತಲೂ ನೋಡಿ. ಇಟಲಿಯ ವೆನಿಸ್ 2014ರಲ್ಲಿ, ಗೇಲಾ 2019ರಲ್ಲಿ ಜೈವಿಕ ಇಂಧನ ಘಟಕಗಳಾದವು.

ಈಗ ಹೊಗೆಯ ಲೆಕ್ಕ. ಒಂದು ಟನ್ ಕಚ್ಚಾ ತೈಲ ಸಂಸ್ಕರಿಸಿದರೆ ಅಂದಾಜು 200 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಟನ್ ಅಂದರೆ ಸುಮಾರು 7.3 ಬ್ಯಾರೆಲ್. ಅಲ್ಲಿಗೆ ಬ್ಯಾರೆಲ್ಲಿಗೆ 27 ಕೆಜಿ. ಹಗುರ ಇಂಧನ ಜಾಸ್ತಿ ತೆಗೆಯುವ ಘಟಕಗಳಲ್ಲಿ ಇನ್ನೂ ಹೆಚ್ಚು, ಹಾಗಾಗಿ 30 ಅಂತ ಹಿಡಿಯಿರಿ. ಒಕ್ಕೂಟದಲ್ಲಿ 2005ರಿಂದ ಹೊರಬಿಟ್ಟ ಪ್ರತಿ ಟನ್ನಿಗೂ ಒಂದು ಪರವಾನಗಿ ಒಪ್ಪಿಸಬೇಕು. ಅದರ ಬೆಲೆ 2013ರಲ್ಲಿ 3 ಯೂರೋಗಿಂತ ಕೆಳಗೆ ಬಿದ್ದಿತ್ತು, 2023ರ ಫೆಬ್ರವರಿಯಲ್ಲಿ 100 ದಾಟಿತು. 70 ಯೂರೋ ಅಂತ ಇಟ್ಟುಕೊಂಡರೆ ಬ್ಯಾರೆಲ್ಲಿಗೆ 2.10 ಯೂರೋ ಆಯಿತು.

ತುಂಬಾ ಜನ ಇಲ್ಲೇ ನಿಲ್ಲಿಸಿ ಕೂಗಾಡುತ್ತಾರೆ. ನೀವು ನಿಲ್ಲಬೇಡಿ. ರಿಫೈನರಿಗಳಿಗೆ ಪರವಾನಗಿಯ ದೊಡ್ಡ ಪಾಲು ಪುಕ್ಕಟೆ ಸಿಗುತ್ತದೆ. ಅತಿ ಕಡಿಮೆ ಹೊಗೆಯಲ್ಲಿ ಕೆಲಸ ಮಾಡುವ ಶೇ 10 ರಿಫೈನರಿಗಳ ಸರಾಸರಿಯೇ ಅಳತೆಗೋಲು. ಆ ಮಟ್ಟದಲ್ಲಿ ಇರುವವರಿಗೆ ಖರ್ಚು ಹೆಚ್ಚುಕಡಿಮೆ ಸೊನ್ನೆ. ಹಿಂದೆ ಬಿದ್ದವರು ಉಳಿದದ್ದನ್ನು ಕೊಂಡುಕೊಳ್ಳಬೇಕು. ಮುಕ್ಕಾಲು ಪಾಲು ಪುಕ್ಕಟೆ ಬಂತು ಅಂದುಕೊಳ್ಳಿ, ಕೈಯಿಂದ ಹೋಗುವುದು ಬ್ಯಾರೆಲ್ಲಿಗೆ 53 ಸೆಂಟ್. ಅಂದರೆ ಈ ಕಾನೂನು ಯುರೋಪಿನ ಎಲ್ಲ ರಿಫೈನರಿಗಳಿಗೂ ಒಂದೇ ಭಾರ ಹೊರಿಸುವುದಿಲ್ಲ. ಅಲ್ಲಲ್ಲೇ ಒಬ್ಬರಿಂದ ಒಬ್ಬರನ್ನು ಬೇರೆ ಮಾಡುತ್ತದೆ.

ಇದರ ಪಕ್ಕದಲ್ಲಿ ಶಾಖದ ಖರ್ಚು ಬರೆಯಿರಿ. ಬೈತಖೋಲದಲ್ಲಿ ಡಾಂಬರು ಹಡಗು ಖಾಲಿ ಮಾಡುವುದನ್ನು ಒಮ್ಮೆ ನೋಡಿದರೆ ಶಾಖದ ಬೆಲೆ ಗೊತ್ತಾಗುತ್ತದೆ. ಸರಕನ್ನು ಸುಮಾರು 150 ಡಿಗ್ರಿಯಲ್ಲಿ ಇಡಬೇಕು. ಪೈಪು ತಣ್ಣಗಾದರೆ ಒಳಗೇ ಗಟ್ಟಿಯಾಗಿ ಕೂರುತ್ತದೆ, ಪಂಪು ಎಷ್ಟು ಒತ್ತಿದರೂ ಅಲುಗಾಡದು. ಒಂದು ಹಡಗಿಗೇ ಇಷ್ಟು. ರಿಫೈನರಿಯಂತೂ ಕಚ್ಚಾ ತೈಲವನ್ನೆಲ್ಲ ಸುಮಾರು 350 ಡಿಗ್ರಿಗೆ ಕಾಯಿಸಬೇಕು, ಆಮೇಲೆ ಮತ್ತೆ ಮತ್ತೆ ಕಾಯಿಸಬೇಕು. ಬ್ಯಾರೆಲ್ಲಿಗೆ ಹೆಚ್ಚುಕಡಿಮೆ 0.1 ಮೆಗಾವ್ಯಾಟ್ ಅವರ್ ಶಕ್ತಿ ಬೇಕು. ಅದರಲ್ಲಿ ಅರ್ಧ ಕೊಂಡ ಗ್ಯಾಸ್ ಅಂತ ಹಿಡಿಯಿರಿ, ಉಳಿದರ್ಧ ತೈಲ ಸಂಸ್ಕರಿಸುವಾಗ ಬರುವ ಅವರದ್ದೇ ಗ್ಯಾಸ್. ಅಮೆರಿಕಕ್ಕಿಂತ ಯುರೋಪಿನಲ್ಲಿ ಗ್ಯಾಸ್ ಮೆಗಾವ್ಯಾಟ್ ಅವರ್‌ಗೆ 20 ಯೂರೋ ದುಬಾರಿ ಇದ್ದರೂ ಬ್ಯಾರೆಲ್ಲಿಗೆ 1 ಯೂರೋ ಪೆಟ್ಟು. ನಮ್ಮ 53 ಸೆಂಟಿನ ಹತ್ತಿರ ಹತ್ತಿರ ಎರಡು ಪಟ್ಟು ಅಲ್ವಾ? ಯುರೋಪಿಯನ್ ಕಮಿಷನ್‌ನ ಸಂಶೋಧನಾ ಕೇಂದ್ರ 2015ರಲ್ಲಿ 2000ದಿಂದ 2012ರ ಲೆಕ್ಕ ತೆಗೆದಾಗಲೂ ಒಕ್ಕೂಟದ ರಿಫೈನರಿಗಳು ಹೊರಗಿನವರಿಗಿಂತ ಹಿಂದೆ ಬೀಳಲು ಮುಖ್ಯ ಕಾರಣವಾಗಿ ಕಂಡಿದ್ದು ಶಕ್ತಿಯ ಬೆಲೆಯೇ. ಕಾನೂನುಗಳ ಪಾಲು ಅದಕ್ಕಿಂತ ಕಡಿಮೆ ಇತ್ತು.

ಹಾಗಂತ ಕಾನೂನಿನ ಭಾರವನ್ನು ಅಳಿಸಿಬಿಡಬೇಡಿ. ಇನ್ನೊಂದು ಸಾಲು ಬರೆಯಿರಿ: ಹತ್ತು ವರ್ಷದ ನಂತರ ಎಷ್ಟು? ಪುಕ್ಕಟೆ ಪಾಲಿನ ಅಳತೆ 2021ರಲ್ಲಿ ಬಿಗಿಯಾಯಿತು, 2026ರಿಂದ ಮತ್ತೆ ಬಿಗಿ. ಒಟ್ಟು ಪರವಾನಗಿಗಳೂ ಕರಗುತ್ತಿವೆ, 2030ರ ಹೊತ್ತಿಗೆ ಈ ಮಾರುಕಟ್ಟೆಯೊಳಗಿನ ಹೊಗೆ 2005ಕ್ಕಿಂತ ಶೇ 62 ಕಡಿತ ಆಗಬೇಕು. ಪುಕ್ಕಟೆ ಪಾಲು ಮುಕ್ಕಾಲಿನಿಂದ ಅರ್ಧಕ್ಕಿಳಿದು, ಬೆಲೆ 100 ಯೂರೋ ಆದರೆ 53 ಸೆಂಟ್ ಹೋಗಿ 1.50 ಯೂರೋ ಆಗುತ್ತದೆ. ಜಾಸ್ತಿ ನೋಡಬೇಕಾದ ಸಾಲು ಇದೇ ಅಂತ ನನ್ನ ಅನಿಸಿಕೆ. 2010ರ ಜುಲೈನಲ್ಲಿ ಸರ್ಕಾರ ಅದಿರು ರಫ್ತು ನಿಷೇಧಿಸಿದಾಗ ಬೇಲೇಕೇರಿ, ಕಾರವಾರದಲ್ಲಿ ಒಂದೇ ಆದೇಶಕ್ಕೆ ಲಾರಿಗಳು ನಿಂತಿದ್ದನ್ನು ಕಂಡವರು ನಾವು. ರಿಫೈನರಿ ಹಾಗೆ ನಿಲ್ಲುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಇಡೀ ಘಟಕ ನಿಲ್ಲಿಸಿ ದೊಡ್ಡ ರಿಪೇರಿ ಮಾಡಬೇಕು, ಅದಕ್ಕೆ ಭಾರಿ ದುಡ್ಡು ಬೇಕು. ಮಾಲೀಕರು ಆಗ ಮುಂದಿನ ವರ್ಷಗಳ ಲೆಕ್ಕ ತೆಗೆಯುತ್ತಾರೆ. ಅಲ್ಲಿ ಪೆಟ್ರೋಲ್, ಡೀಸೆಲ್ ಮಾರಾಟವೇ ಇಳಿಯುವ ಹಾಗೆ ಕಂಡರೆ ರಿಪೇರಿಗೆ ಸಹಿ ಬೀಳುವುದಿಲ್ಲ. ಹಾಗಾಗಿ ಸುದ್ದಿಯಲ್ಲಿ ಮುಂದಿನ ದೊಡ್ಡ ರಿಪೇರಿ ಯಾವಾಗ ಇತ್ತು ಅಂತ ಹುಡುಕಿ.

ಕೊನೆಗೆ ಎದುರಾಳಿಯ ಕಡೆ, ಅಂದರೆ ಯುರೋಪಿಗೆ ಇಂಧನ ಕಳಿಸುವ ಹೊರಗಿನ ರಿಫೈನರಿಯ ಕಡೆ ಬನ್ನಿ. ಹೊರಗಿನಿಂದ ಒಕ್ಕೂಟಕ್ಕೆ ಬರುವ ಸರಕಿನ ಮೇಲಿನ ಸಿಬಿಎಎಂ ಅನ್ನುವ ಗಡಿ ಇಂಗಾಲ ಶುಲ್ಕ 2026ರ ಜನವರಿಯಿಂದ ಪೂರ್ತಿ ಜಾರಿಗೆ ಬಂದಿದೆ. ಸಿಮೆಂಟ್, ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಗೊಬ್ಬರ, ವಿದ್ಯುತ್, ಹೈಡ್ರೋಜನ್ ಅದರಲ್ಲಿವೆ. ಡೀಸೆಲ್, ಪೆಟ್ರೋಲ್ ಇಲ್ಲ. ಅಂದರೆ ಗುಜರಾತಿನ ಜಾಮ್‌ನಗರದ ರಿಫೈನರಿಗಳಿಂದ ಹೋದ ಡೀಸೆಲ್‌ಗೆ ಗಡಿಯಲ್ಲಿ ಈ ಶುಲ್ಕ ಬೀಳುವುದಿಲ್ಲ. ಆದರೆ 2026ರ ಜನವರಿ 21ರಿಂದ ರಷ್ಯಾದ ಕಚ್ಚಾ ತೈಲದಿಂದ ಬೇರೆ ದೇಶದಲ್ಲಿ ಮಾಡಿದ ಇಂಧನವನ್ನು ಒಕ್ಕೂಟ ತಡೆದಿದೆ. ಆ ಡೀಸೆಲ್ ಯಾವ ತೈಲದ್ದು ಅಂತ ಕೇಳಬೇಕು. ಹಡಗು ಬಾಡಿಗೆಯನ್ನೂ ಸೇರಿಸಿ. 5,000 ಗ್ರಾಸ್ ಟನ್ನಿಗಿಂತ (ಇದು ತೂಕವಲ್ಲ, ಹಡಗಿನ ಗಾತ್ರದ ಅಳತೆ) ದೊಡ್ಡ ಹಡಗುಗಳು 2024ರಿಂದ ಇದೇ ಇಂಗಾಲ ಮಾರುಕಟ್ಟೆಯೊಳಗಿವೆ. ಹೊರಗಿನಿಂದ ಒಕ್ಕೂಟದ ಬಂದರಿಗೆ ಬರುವ ಪಯಣದ ಅರ್ಧ ಹೊಗೆಗೆ ಪರವಾನಗಿ ಬೇಕು. ಆ ಅರ್ಧವನ್ನು ಎದುರಾಳಿಯ ಬ್ಯಾರೆಲ್ಲಿಗೆ ಕೂಡಿಸಿದ ಮೇಲೆಯೇ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಿ.