ಬೆರಳ ತುದಿ ಥರ ಮುಟ್ಟಿ ತಿಳ್ಕೊಳ್ಳೋ ಸೆನ್ಸರ್ ಮಾಡೋದು ಹೇಗೆ

ಮೊದ್ಲು ನಿಮ್ಮ ಬೆರಳನ್ನೇ ಗಮನಿಸಿ. ಬಟ್ಟೆ ಮೇಲೆ ಸುಮ್ನೆ ಇಟ್ರೆ ನೇಯ್ಗೆ ಅಷ್ಟಾಗಿ ಗೊತ್ತಾಗಲ್ಲ, ಸ್ವಲ್ಪ ಸವರಿದ್ರೆ ತಕ್ಷಣ ಗೊತ್ತಾಗತ್ತೆ, ಯಾಕಂದ್ರೆ ಒತ್ತಡ ಹಿಡಿಯೋ ಮರ್ಕೆಲ್ ಕೋಶಗಳೇ ಬೇರೆ, 200-300 ಹರ್ಟ್ಸ್ ಕಂಪನಕ್ಕೆ ಚುರುಕಾಗೋ ಪಸೀನಿಯನ್ ಗ್ರಾಹಕಗಳೇ ಬೇರೆ. ಹಾಗಾಗಿ ಒಂದೇ ಸೆನ್ಸರಲ್ಲಿ ಮುಗಿಸೋಕೆ ಹೋಗ್ಬೇಡಿ, ಎರಡು ಬೇಕೇ ಬೇಕು.

ಒತ್ತಡಕ್ಕೆ, ಎರಡು ತಾಮ್ರದ ಟೇಪ್ ನಡುವೆ ವೆಲೋಸ್ಟಾಟ್ (ವಿದ್ಯುತ್ ಹರಿಯೋ ಕಪ್ಪು ಪ್ಲಾಸ್ಟಿಕ್) ಹಾಳೆ ಇಡಿ, ಒತ್ತಿದಷ್ಟೂ ರೆಸಿಸ್ಟೆನ್ಸ್ ಇಳಿಯತ್ತೆ, ಒಂದು ರೆಸಿಸ್ಟರ್ ಜೊತೆ ವೋಲ್ಟೇಜ್ ಡಿವೈಡರ್ ಮಾಡಿ, ಅಂದ್ರೆ ಎರಡನ್ನೂ ಸಾಲಾಗಿ ಜೋಡಿಸಿ ನಡುವಿನ ವೋಲ್ಟೇಜ್ ಓದ್ಕೊಳ್ಳಿ. ಕಂಪನಕ್ಕೆ, ಪಕ್ಕದಲ್ಲಿ ಪೀಜೋ ಫಿಲ್ಮ್ (ಅದುರಿದ್ರೆ ವೋಲ್ಟೇಜ್ ಹುಟ್ಟಿಸೋ ತೆಳು ಹಾಳೆ), ವಸ್ತು ಜಾರಿದ್ರೆ ಹಿಡಿಯೋದು ಇದೇ, ಸೆಕೆಂಡಿಗೆ 1000 ಸಲ ಆದ್ರೂ ಸ್ಯಾಂಪಲ್ ಮಾಡಿ.

ಮೇಲೆ ಮೆತ್ತನೆ ಸಿಲಿಕೋನ್ ಚರ್ಮ, ಅದ್ರಲ್ಲಿ ಸುಮಾರು ಅರ್ಧ ಮಿಲಿಮೀಟರ್ ಅಂತರಕ್ಕೊಂದು ಗೆರೆ, ನಮ್ಮ ಬೆರಳಚ್ಚಿನ ಹಾಗೇ. ಈ ಗೆರೆಗಳನ್ನ ದಯವಿಟ್ಟು ಬಿಡ್ಬೇಡಿ, ಸವರುವಾಗ ಕಂಪನ ಜೋರಾಗೋದು ಅವುಗಳಿಂದಲೇ. ಪದರ ದಪ್ಪ ಆದ್ರೆ ಕಂಪನ ಒಳಗೇ ಅಡಗಿಹೋಗತ್ತೆ.