ಕೈ ಎತ್ತುವ ಮಗು: ಹುಟ್ಟುಗುಣ ತಿಳಿದು ಮನೆಯ ರೂಢಿ ತಿದ್ದುವ ಬಗೆ

ನಾಲ್ಕು ವರ್ಷದ ಹುಡುಗ ತಂಗಿಯ ಕೂದಲು ಹಿಡಿದೆಳೆಯುತ್ತಾನೆ, ಓಣಿಯ ಹುಡುಗರಿಗೆ ಕಲ್ಲು ಬೀಸುತ್ತಾನೆ, ತಡೆಯಲು ಹೋದ ಅವ್ವನ ಕೈ ಕಚ್ಚುತ್ತಾನೆ. ಆಗ ಮನೆಯಲ್ಲಿ ಕೇಳಿಬರುವ ಮಾತು ಎರಡು. "ಥೇಟ್ ಅವರ ಕಾಕಾನಂಗ, ರಕ್ತದಾಗ ಬಂದೈತಿ" ಎಂದು ಒಬ್ಬರು. "ಸಲಿಗಿ ಜಾಸ್ತಿ ಆಗೇತಿ, ನಾಕ ಬಾರಿಸಿದ್ರ ಸರಿ ಹೋಗ್ತಾನ" ಎಂದು ಇನ್ನೊಬ್ಬರು. ಹುಟ್ಟುಗುಣ ಎಂಬುದು ನಿಜ, ಅದನ್ನು ಕಿತ್ತು ಬೇರೆಯದನ್ನು ನೆಡಲು ಬರುವುದಿಲ್ಲ. ಆದರೆ ಹೊಡೆದರೆ ಕೆಲಸ ಆಗುತ್ತದೆ ಎಂಬ ಪಾಠವನ್ನು ಮಗು ಕಲಿಯುವುದು ಹೆಚ್ಚಾಗಿ ಮನೆಯಲ್ಲೇ. ಬಿಡಿಸುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ಮೊದಲು ವಯಸ್ಸು ನೋಡಿ. ಹೊಡೆಯುವುದು, ಕಚ್ಚುವುದು, ದೂಡುವುದು ಎರಡರಿಂದ ನಾಲ್ಕು ವರ್ಷದ ನಡುವೆ ಎಲ್ಲಕ್ಕಿಂತ ಹೆಚ್ಚು. ಮಾತು ಬೆಳೆದಂತೆ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ. ಎರಡೂವರೆ ವರ್ಷದ ಕೂಸು ಕಚ್ಚಿತೆಂದು ಹೆದರಬೇಡಿ. ಆರು ವರ್ಷವಾದರೂ ದಿನವೂ ಹೊಡೆದಾಟ ನಡೆದಿದ್ದರೆ, ಏಟು ಕಡಿಮೆಯಾಗುವ ಬದಲು ಜೋರಾಗುತ್ತಿದ್ದರೆ, ಕೂತು ಯೋಚಿಸಲೇಬೇಕು.

ಹುಟ್ಟುಗುಣದ ಬಗ್ಗೆ ಮನೋವೈದ್ಯರಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ ನ್ಯೂಯಾರ್ಕಿನಲ್ಲಿ 1956ರಲ್ಲಿ ಶುರುಮಾಡಿದ ಅಧ್ಯಯನ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅವರು ಗುರುತಿಸಿದ ಒಂಬತ್ತು ಲಕ್ಷಣಗಳಲ್ಲಿ ನಾಲ್ಕನ್ನು ನಿಮ್ಮ ಮಗುವಿನಲ್ಲಿ ನೋಡಿ. ಖುಷಿಯಾಗಲಿ ಸಿಟ್ಟಾಗಲಿ ಎಷ್ಟು ಜೋರು? ಹೊಸ ಜನ, ಹೊಸ ಜಾಗ ಕಂಡರೆ ಮುಂದೆ ಹೋಗುತ್ತದೋ, ಸೆರಗು ಹಿಡಿಯುತ್ತದೋ? ನಡೆಯುತ್ತಿದ್ದ ಆಟ ನಿಲ್ಲಿಸಿ ಇನ್ನೊಂದಕ್ಕೆ ಹೊರಳಲು ಎಷ್ಟು ಹೊತ್ತು ಬೇಕು? ಸಪ್ಪಳ, ಬಿಸಿಲು, ಚುಚ್ಚುವ ಬಟ್ಟೆಯನ್ನು ಎಷ್ಟು ತಡೆದುಕೊಳ್ಳುತ್ತದೆ? ಇದಕ್ಕೆ ಉತ್ತರ ಹೇಳಬೇಕಾದವರು ಮಗುವನ್ನು ದಿನವಿಡೀ ನೋಡಿಕೊಳ್ಳುವವರು. ಎಷ್ಟೋ ಮನೆಗಳಲ್ಲಿ ಅದು ಆಯಿಯೇ, ಅಂದರೆ ಅಜ್ಜಿಯೇ.

ಥಾಮಸ್ ಮತ್ತು ಚೆಸ್ ಕಂಡುಕೊಂಡ ಮುಖ್ಯ ಸಂಗತಿ ಇದು: ಕಷ್ಟದ ಗುಣ ಇದ್ದ ಮಾತ್ರಕ್ಕೆ ಮಗು ಕೆಡುವುದಿಲ್ಲ, ಆ ಗುಣಕ್ಕೂ ಮನೆಯ ನಡಾವಳಿಗೂ ಹೊಂದಿಕೆ ತಪ್ಪಿದಾಗ ತೊಂದರೆ ಹುಟ್ಟುತ್ತದೆ. ಸಪ್ಪಳ ತಡೆಯದ ಮಗುವೊಂದು ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಇರುವ ಮನೆಯಲ್ಲಿ ಹುಟ್ಟಿದೆ ಎಂದುಕೊಳ್ಳಿ. ಮಗ್ಗ ನಿಲ್ಲಿಸಿದರೆ ಹೊಟ್ಟೆ ನಡೆಯುವುದಿಲ್ಲ. ಮಗುವಿಗೆ ಮಗ್ಗದಿಂದ ದೂರದ ಒಂದು ಮೂಲೆ ಮತ್ತು ಸಂಜೆ ಒಂದು ತಾಸು ಗುಡಿಯ ಕಟ್ಟೆಯ ಮೇಲೆ ಆಟ, ಇಷ್ಟನ್ನು ಕೊಡಲು ಬರುತ್ತದೆ. ಬೇಗ ಹೊರಳಲಾಗದ ಮಗುವಿಗೆ "ಐದು ನಿಮಿಷ" ಎಂದರೆ ತಿಳಿಯದು. "ಈ ಹಾಡು ಮುಗಿದ ಕೂಡಲೆ ಫೋನ್ ಇಡೂದು" ಎಂದು ಮೊದಲೇ ಹೇಳಿ, ಹಾಡು ಮುಗಿದ ಕೂಡಲೇ ಇಡಿಸಿ.

ರಕ್ತದಲ್ಲೇ ಬಂದಿದೆ ಎನ್ನುವವರಿಗೆ ಹೇಳಬೇಕಾದ ಒಂದು ಮಾತಿದೆ. ನ್ಯೂಜಿಲೆಂಡಿನ ಡನೀಡಿನ್ ಊರಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವವರೆಗೆ ಗಮನಿಸುತ್ತ ಬಂದರು. ಒರಟುತನಕ್ಕೆ ನಂಟಿದೆ ಎನ್ನಲಾದ ಒಂದು ಜೀನ್ (ವಂಶವಾಹಿ) ಬಗೆಯ ಬಗ್ಗೆ 2002ರಲ್ಲಿ ಬಂದ ವರದಿ ಹೇಳಿದ್ದು: ಆ ಬಗೆಯಿದ್ದು, ಬಾಲ್ಯದಲ್ಲಿ ಹಿಂಸೆಯನ್ನೂ ಉಂಡ ಹುಡುಗರಲ್ಲಿ ಒರಟುತನ ಹೆಚ್ಚಿತು; ಅದೇ ಬಗೆಯಿದ್ದರೂ ಹಿಂಸೆ ಕಾಣದೆ ಬೆಳೆದವರಲ್ಲಿ ಹಾಗೆ ಹೆಚ್ಚಲಿಲ್ಲ.

ಇನ್ನು ಕೆಲಸ. ಹತ್ತು ದಿನ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹೊಡೆತವನ್ನೂ ಬರೆಯಿರಿ: ಎಷ್ಟು ಗಂಟೆಗೆ, ಎಲ್ಲಿ, ಅದಕ್ಕೂ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. "ಸಿಟ್ಟು ಮಾಡಿದ" ಎಂದು ಬರೆದರೆ ಉಪಯೋಗವಿಲ್ಲ. ಹೀಗಿರಲಿ: "ಸಂಜೆ 6:40. ಅಡಿಗಿಮನಿ. ನಾ ರೊಟ್ಟಿ ಬಡೀತಿದ್ದೆ, ತಂಗಿ ಗಾಡಿ ಕಸಗೊಂಡ್ಲು. ಗಾಡಿಯಿಂದ ಆಕಿ ತಲಿಗೆ ಹೊಡದ. ಆಯಿ ಎತ್ಕೊಂಡು ಬಿಸ್ಕೀಟ್ ಕೊಟ್ರು." ಆ ಕೊನೆಯ ವಾಕ್ಯದಲ್ಲಿ ರೋಗದ ಬೇರಿದೆ. ಆಯಿಯ ಮನಸ್ಸಿನಲ್ಲಿ ಅದು ಸಮಾಧಾನ, ಹುಡುಗನ ಲೆಕ್ಕದಲ್ಲಿ ಹೊಡೆದದ್ದಕ್ಕೆ ಸಿಕ್ಕ ಕೂಲಿ.

ಹತ್ತು ದಿನದ ಪುಟ ತಿರುವಿದರೆ ಒಂದು ಹೊತ್ತು ಎದ್ದು ಕಾಣಬಹುದು. ಸಾಮಾನ್ಯವಾಗಿ ಅದು ಸಂಜೆ. ಮಧ್ಯಾಹ್ನದ ಊಟದ ಮೇಲೆ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ನಾಲ್ಕೂವರೆಗೆ ಮೊಸರು, ಶೇಂಗಾ ಹಿಂಡಿ ಹಚ್ಚಿದ ಅರ್ಧ ರೊಟ್ಟಿಯನ್ನೋ, ಚುರಮರಿ-ಪುಠಾಣಿಯನ್ನೋ ಕೊಟ್ಟು ನೋಡಿ. ನಿದ್ದೆಯನ್ನೂ ಎಣಿಸಿ. ಮೂರು-ನಾಲ್ಕು ವರ್ಷಕ್ಕೆ ಹಗಲು ನಿದ್ದೆ ಸೇರಿ 10ರಿಂದ 13 ತಾಸು, ಆರರಿಂದ ಹನ್ನೆರಡು ವರ್ಷಕ್ಕೆ 9ರಿಂದ 12 ತಾಸು ಬೇಕು. ಕಬ್ಬಿಗೆ ನೀರು ಹಾಯಿಸಲು ರಾತ್ರಿ ತ್ರೀ ಫೇಸ್ ಕರೆಂಟ್ ಬರುವ ಊರುಗಳಲ್ಲಿ ಅಪ್ಪ ಏಳುವಾಗ ಮನೆಯೆಲ್ಲ ಏಳುತ್ತದೆ. ಮಗುವಿನ ಹಾಸಿಗೆ ಒಳಕೋಣೆಗೆ ಹೋಗಲಿ.

ನಿಜವಾದ ಬಲೆ ಇರುವುದು ದೊಡ್ಡವರ ಮತ್ತು ಮಗುವಿನ ನಡುವಿನ ಜಗ್ಗಾಟದಲ್ಲಿ. ಅಮೆರಿಕದ ಆರೆಗನ್‌ನಲ್ಲಿ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಗೆ ಹೋಗಿ ಇದನ್ನೇ ಗಮನಿಸಿ ವಿವರಿಸಿದರು. ಅವ್ವ ಫೋನ್ ಇಡು ಎನ್ನುತ್ತಾಳೆ. ಹುಡುಗ ಕುಂಯ್‌ಗುಡುತ್ತಾನೆ. ಅವ್ವ ದನಿ ಏರಿಸುತ್ತಾಳೆ, ಅವನು ತಾಟು ಎಸೆಯುತ್ತಾನೆ. ಪಡಸಾಲೆಯಿಂದ "ಕೊಡ ಅತ್ಲಾಗ, ಉಣ್ಣೂ ಹೊತ್ತಿಗೆ ಯಾಕ ಅಳಸ್ತಿ" ಎಂಬ ದನಿ. ಅವ್ವ ಫೋನ್ ಕೊಡುತ್ತಾಳೆ, ಗದ್ದಲ ನಿಲ್ಲುತ್ತದೆ. ಹುಡುಗನಿಗೆ ಫೋನ್ ಸಿಕ್ಕಿತು, ಅವ್ವನಿಗೆ ನೆಮ್ಮದಿ ಸಿಕ್ಕಿತು. ಇಬ್ಬರಿಗೂ ಲಾಭವಾದ್ದರಿಂದ ನಾಳೆ ಇಬ್ಬರೂ ಅದನ್ನೇ ಮಾಡುತ್ತಾರೆ, ಮತ್ತು ನಾಳೆ ತಾಟಿನ ಜೊತೆ ತಂಬಿಗೆಯೂ ಹಾರುತ್ತದೆ. ಜೋರು ಸ್ವಭಾವದ ಮಗು ಈ ಬಲೆಗೆ ಬೇಗ ಬೀಳುತ್ತದೆ, ಏಕೆಂದರೆ ಅದರ ಕಿರುಚಾಟಕ್ಕೆ ದೊಡ್ಡವರು ಬೇಗ ಸೋಲುತ್ತಾರೆ.

ಬಲೆ ಬಿಡಿಸುವಾಗ ಒಂದೇ ನಡತೆಯನ್ನು ಆರಿಸಿಕೊಳ್ಳಿ. ತಂಗಿಗೆ ಹೊಡೆಯುವುದು ಎಂದಾದರೆ ಅದಷ್ಟೇ. ಹೊಡೆದ ಕೂಡಲೇ ಮೊದಲು ಪೆಟ್ಟು ತಿಂದ ಮಗುವನ್ನು ಎತ್ತಿಕೊಳ್ಳಿ. ಹೊಡೆದವನ ಕೈ ಮೆತ್ತಗೆ ಹಿಡಿದು, ಕಣ್ಣ ಮಟ್ಟಕ್ಕೆ ಕೂತು, ಇಷ್ಟೇ ಹೇಳಿ: "ಸಿಟ್ಟ ಬಂದೈತಿ, ಗೊತ್ತಾತು. ಹೊಡಿಯಂಗಿಲ್ಲ. ಬಾಯಿಲೆ ಹೇಳು." ಉದ್ದ ಭಾಷಣ ಬೇಡ, ಅದೂ ಮಗುವಿಗೆ ಸಿಕ್ಕ ಗಮನವೇ. ಯಾವ ಸಾಮಾನಿಗಾಗಿ ಹೊಡೆದನೋ ಅದು ಸ್ವಲ್ಪ ಹೊತ್ತು ಮೇಲಿನ ಮಾಡಕ್ಕೆ. ಮೂರು ವರ್ಷ ದಾಟಿದ ಮಗುವನ್ನು ವಯಸ್ಸಿಗೆ ಒಂದು ನಿಮಿಷದಂತೆ ಕಣ್ಣೆದುರಿಗೇ ಸುಮ್ಮನೆ ಕೂಡಿಸಬಹುದು. ಕತ್ತಲ ಕೋಣೆ, ಬಚ್ಚಲು, ಹೊರಗಿನಿಂದ ಚಿಲಕ ಎಂದಿಗೂ ಬೇಡ. ಕೂತದ್ದು ಮುಗಿದ ಮೇಲೆ ಅದೇ ಜಾಗಕ್ಕೆ ಕರೆತಂದು "ಈಗ ಬಾಯಿಲೆ ಕೇಳು" ಎಂದು ಸರಿಯಾದದ್ದನ್ನು ಒಮ್ಮೆ ಮಾಡಿಸಿ. ಬಹಳ ಮನೆಗಳಲ್ಲಿ ಬಿಟ್ಟುಹೋಗುವುದು ಈ ಕೊನೆಯ ಹೆಜ್ಜೆ. ಅದಿಲ್ಲದಿದ್ದರೆ ಏನು ಮಾಡಬಾರದು ಎಂದು ಮಗುವಿಗೆ ಗೊತ್ತಾಗುತ್ತದೆ, ಏನು ಮಾಡಬೇಕು ಎಂದು ಗೊತ್ತಾಗುವುದಿಲ್ಲ.

ಬದಲಿ ಮಾತನ್ನು ಸಿಟ್ಟಿನ ಹೊತ್ತಿನಲ್ಲಿ ಕಲಿಸಲಾಗದು. ಎಲ್ಲರೂ ಶಾಂತವಾಗಿರುವಾಗ ದಿನಕ್ಕೆ ಐದು ನಿಮಿಷ ಆಟದಂತೆ ಮೂರು ಮಾತು ರೂಢಿ ಮಾಡಿಸಿ: "ನನಗ ಸಿಟ್ಟ ಬಂದೈತಿ", "ಅದು ನಂದು, ಕೊಡು", "ನನ್ನ ಪಾಳಿ ಯಾವಾಗ?" ನೀವು ತಂಗಿಯಾಗಿ, ಅವನು ಅಣ್ಣನಾಗಿ. ದಿನಕ್ಕೆ ಹದಿನೈದು ನಿಮಿಷ ಅವನು ಹೇಳಿದ ಆಟ ಆಡಿ, ಆಗ ಒಂದೂ ಅಪ್ಪಣೆ ಬೇಡ. ಬಾಯಿಲೆ ಕೇಳಿದ ದಿನ ಬರೀ "ಶಾಣ್ಯಾ" ಎನ್ನದೆ, "ತಂಗಿ ಗಾಡಿ ತಗೊಂಡ್ರೂ ಬಾಯಿಲೆ ಕೇಳಿದಿ, ಚಲೋ ಮಾಡಿದಿ" ಎಂದು ಬಿಡಿಸಿ ಹೇಳಿ.

ಎಡವುವುದು ಎಲ್ಲಿ? ಮೊದಲ ವಾರ ಹೊಡೆತ, ಕಿರುಚಾಟ ಹೆಚ್ಚಾಗಬಹುದು. ಹಳೆಯ ಕೀಲಿ ತಿರುಗದಿದ್ದಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ತಿರುಗಿಸುತ್ತದೆ. ಉಪಾಯ ಫಲಿಸಲಿಲ್ಲ ಎಂದು ಆಗಲೇ ಕೈಬಿಟ್ಟರೆ ಮೊದಲಿಗಿಂತ ಕೆಡುತ್ತದೆ, ಇಷ್ಟು ಜೋರು ಮಾಡಿದರೆ ಸಿಗುತ್ತದೆ ಎಂದು ಅದು ಕಲಿತುಬಿಡುತ್ತದೆ. ಆದ್ದರಿಂದ ಊರ ಜಾತ್ರೆ, ಮದುವೆ, ತವರಿಗೆ ಹೋಗುವ ವಾರದಲ್ಲಿ ಶುರುಮಾಡಬೇಡಿ. ಇನ್ನೊಂದು ಎಡವು ಕೂಡುಕುಟುಂಬದಲ್ಲಿ: ಅವ್ವ ಬೇಡ ಎಂದದ್ದನ್ನು ಆಯಿ ಕೊಡುತ್ತಾರೆ. ಹಿರಿಯರನ್ನು ತಡೆಯಲು ಹೋದರೆ ಮನಸ್ತಾಪ, ಅವರಿಗೊಂದು ಕೆಲಸ ಒಪ್ಪಿಸಿದರೆ ಸಹಾಯ. "ಅತ್ತೀ, ಅಂವಾ ಬಾಯಿಲೆ ಕೇಳಿದಾಗ ನೀವ ಕೊಡ್ರಿ. ಹೊಡದಾಗ ಮಾತ್ರ ಯಾರೂ ಕೊಡೂದು ಬ್ಯಾಡ" ಎಂದರೆ ಕೊಡುವ ಖುಷಿ ಅವರಿಗೇ ಉಳಿಯುತ್ತದೆ.

ಬಾರಿಸಿದರೆ ಸರಿ ಹೋಗುತ್ತಾನೆ ಎಂಬ ಮಾತು ನಮಗೆ ಎಲ್ಲಕ್ಕಿಂತ ನೋವು ಕೊಡುವಂಥದ್ದು. ಏಟು ಬಿದ್ದಾಗ ಮಗು ನಿಲ್ಲುತ್ತದೆ, ಅದು ಆ ಕ್ಷಣಕ್ಕೆ. ದೊಡ್ಡವನು ಸಣ್ಣವನಿಗೆ ಹೊಡೆಯಬಹುದು ಎಂಬುದು ಮನಸ್ಸಿಗೆ ಇಳಿಯುತ್ತದೆ, ಮತ್ತು ಮನೆಯಲ್ಲಿ ಅವನಿಗಿಂತ ಸಣ್ಣವಳು ತಂಗಿ. 1961ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಬಡಿಯುವುದನ್ನು ನೋಡಿದ ಮಕ್ಕಳು ಅದೇ ಏಟು, ಅದೇ ಬೈಗುಳವನ್ನು ಆ ಗೊಂಬೆಯ ಮೇಲೆ ತೀರಿಸಿದರು. ಮನೆಯಲ್ಲಿ ಗಂಡ ಹೆಂಡತಿಗೆ ಕೈಮಾಡುತ್ತಿದ್ದರೆ ಮೇಲಿನ ಯಾವ ಉಪಾಯವೂ ನಿಲ್ಲುವುದಿಲ್ಲ, ಮೊದಲು ಅದು ನಿಲ್ಲಬೇಕು. ಮಹಿಳಾ ಸಹಾಯವಾಣಿ 181. ಶಾಲೆಯಲ್ಲೂ ಏಟಿಗೆ ಜಾಗವಿಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಕಬ್ಬು ಕಡಿಯಲು, ಗೋವಾ-ಮಹಾರಾಷ್ಟ್ರದ ಕೆಲಸಕ್ಕೆ ತಂದೆತಾಯಿ ಹೋಗಿ ಮಗು ಅಜ್ಜಿಯ ಬಳಿ ಉಳಿದಿದ್ದರೆ, ಹೊಡೆತ ಹಲವು ಸಲ ಅಗಲಿಕೆಯ ಅಳುವೇ ಆಗಿರುತ್ತದೆ. ಮಗು ಮಲಗಿದಾಗ ಕದ್ದು ಹೊರಡಬೇಡಿ. ಹೇಳಿ ಹೋಗಿ. ದಿನಕ್ಕೆರಡು ಸಲ ಯಾವಾಗಲೋ ಮಾಡುವುದಕ್ಕಿಂತ ದಿನವೂ ಒಂದೇ ಹೊತ್ತಿಗೆ ಫೋನ್ ಮಾಡಿ, ಮನೆಯ ನಿಯಮಗಳನ್ನು ಅಜ್ಜಿಗೂ ಮಗುವಿಗೂ ಒಟ್ಟಿಗೆ ತಿಳಿಸಿ.

ಆರರಿಂದ ಎಂಟು ವಾರ ಇಷ್ಟೆಲ್ಲ ಬಿಡದೆ ಮಾಡಿದರೂ ಇಳಿಯದಿದ್ದರೆ ವೈದ್ಯರನ್ನು ಕಾಣಿ. ಮಾತು ತಡವಾಗಿದ್ದರೆ, ಕರೆದರೆ ತಿರುಗದಿದ್ದರೆ, ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ, ಮೂಕಪ್ರಾಣಿಗಳಿಗೆ ಹಿಂಸೆ ಕೊಡುತ್ತಿದ್ದರೆ, ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಅಷ್ಟು ದಿನ ಕಾಯಬೇಡಿ. ಕಿವಿ ಮಂದ, ರಕ್ತಹೀನತೆ, ನಿದ್ದೆಯ ತೊಂದರೆಯೂ ಸಿಟ್ಟಿನ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ಮೊದಲು ಮಕ್ಕಳ ವಿಭಾಗಕ್ಕೆ ಹೋಗಿ. ಮುಂದಿನ ಹಂತಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಕನ್ನಡದಲ್ಲಿ ಸಲಹೆ ಬೇಕಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಮಗುವಿನ ಮೇಲೆ ಹಿಂಸೆ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098. ಹೋಗುವಾಗ ಹತ್ತು ದಿನದ ಆ ನೋಟ್‌ಬುಕ್ ಮರೆಯದೆ ಒಯ್ಯಿರಿ. ವೈದ್ಯರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.